ನಮ್ಮ ಆಟ ತಡವಾಗುವುದಕ್ಕೆ ಕಾರಣ

4 ನವೆಂಬರ್ 2007, ಭಾನುವಾರ, ಮಧ್ಯಾಹ್ನ 3

ಬಿಸಿನೀರಿನ ಬಕೆಟ್‌ನಲ್ಲಿ ಕಾಲಿಟ್ಟುಕೊಂಡು ಬರೀತಿದ್ದೀನಿ. ಇವತ್ತೂ ಐದು ಗಂಟೆ ಇಪ್ಪತ್ತು ನಿಮಿಷ. ಹದಿನೆಂಟು ಹೋಲ್ ಗಾಲ್ಫಿಗೆ! ಅಷ್ಟು ಹೊತ್ತಲ್ಲಿ ಶತಾಬ್ದಿ ಹತ್ತಿದ್ದರೆ ಜೈಪುರ ಮುಟ್ಟಿ ಕಾಫಿ ಕುಡಿದಾಗಿರೋದು.

ಹಿಂದಿನ ಗುಂಪಿನ ಸರ್ದಾರ್‌ಜಿ ಪ್ರತಿ ಹೋಲ್‌ನಲ್ಲೂ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನೇ ನೋಡ್ತಾ ನಿಂತಿದ್ದ. ಹನ್ನೊಂದನೇದರಲ್ಲಿ ತಡೀಲಾರದೆ ಕೂಗಿದ — "ಆಂಟೀಜಿ, ಪಿಕ್‌ನಿಕ್ ಚಲ್ ರಹೀ ಹೈ ಕ್ಯಾ?" ಪಿಕ್‌ನಿಕ್ ನಡೀತಿದೆಯಾ ಅಂತ. ಆಂಟಿಯಂತೆ. ಅವನಿಗೇ ಅರವತ್ತು ದಾಟಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಎಲ್ಲ ಇಂದುಶೇಖರ್ ಕೃಪೆ. ಇವರ ಸ್ನೇಹಿತರು, ಮೂವತ್ತು ವರ್ಷ ಒಂದೇ ಇಲಾಖೆಯಲ್ಲಿ ಇಬ್ಬರೂ ಎಂಜಿನಿಯರು, ನನ್ನನ್ನ ಬಾಯ್ತುಂಬ ಅತ್ತಿಗೆ ಅಂತಾರೆ, ಎಲ್ಲ ಸರಿ. ಪ್ರತಿ ಭಾನುವಾರ ಘಾಜಿಯಾಬಾದ್‌ನಿಂದ ಸುತ್ತು ಹಾಕಿಕೊಂಡು ಮಯೂರ್ ವಿಹಾರಕ್ಕೆ ಬಂದು ನಮ್ಮನ್ನ ನೋಯ್ಡಾಗೆ ಕರ್ಕೊಂಡು ಹೋಗ್ತಾರೆ, ಅದೂ ಸರಿ. ಇವರು ಕಾರು ಓಡಿಸೋದು ಬಿಟ್ಟು ವರ್ಷವಾಯ್ತು, ಟ್ರಾಫಿಕ್ ಸಾಕಾಗಿದೆ ಅಂತ. ಮೆಟ್ರೋ ಕಂಬಕ್ಕೆ ರಸ್ತೆಯೆಲ್ಲ ಅಗೆದು ಹಾಕಿದ್ದಾರೆ, ನಿಜವೇ. ಆದರೆ ಆ ಮನುಷ್ಯ ಆಟಕ್ಕಿಳಿದರೆ... ಕರ್ಮ! ಮಾತು, ಮಾತು, ಮಾತು. ಬಾಲ್ ಹುಡುಕೋಕೆ ನಿಂತರೆ ಅಲ್ಲೇ ಮನೆ ಕಟ್ಟೋ ಹಾಗೆ.

ನಾಲ್ಕನೆಯವನು ಯಶವಂತ. ಹುಬ್ಬಳ್ಳಿಯವನು, ನೋಯ್ಡಾದಲ್ಲಿ ಯಾವುದೋ ಕಂಪನಿಯ ಮ್ಯಾನೇಜರು. ಮೊಬೈಲಲ್ಲಿ ಮುಳುಗಿದ್ದರೂ ಸರದಿ ಬಂದಾಗ ಟಪ್ಪಂತ ಹೊಡೆದು ನಡೀತಾನೆ. ಇವರು ನಿಧಾನ, ಒಪ್ತೀನಿ. ಬಾಲ್ ಮುಂದೆ ನಿಂತರೆ ತಪಸ್ಸು. ಆದರೆ ಎಂಜಿನಿಯರ್ ಕೈ, ಅಳೆದು ಹೊಡೀತಾರೆ. ಅದು ಬೇರೆ.

6 ನವೆಂಬರ್, ಮಂಗಳವಾರ

ಕ್ಲಬ್ಬಿನಿಂದ ಕಾಗದ. ಸಹಿ ಕ್ಯಾಪ್ಟನ್‌ದು — ರಿಟೈರ್ಡ್ ಕರ್ನಲ್. ನಮ್ಮ ಗುಂಪಿಗೆ ಎರಡು ಸಲ ಎಚ್ಚರಿಕೆ ಕೊಟ್ಟಾಗಿದೆಯಂತೆ. ತಡವಾಗುವುದಕ್ಕೆ ಕಾರಣ ಏನು ಅಂತ ತಿಂಗಳೊಳಗೆ ಬರೆದು ತಿಳಿಸಿ ಸರಿಪಡಿಸಿಕೊಳ್ಳದಿದ್ದರೆ ಭಾನುವಾರ ಬೆಳಗ್ಗೆ 7.08ರ ಸರದಿ ರದ್ದು. ಆಮೇಲೆ ವಾರದ ದಿನ, ಮಧ್ಯಾಹ್ನ ಎರಡಕ್ಕೆ. ಯಶವಂತನಿಗೆ ಆಫೀಸು. ಇಂದುಶೇಖರ್ ಆ ಹೊತ್ತಿನ ಟ್ರಾಫಿಕ್ಕಿನಲ್ಲಿ ಘಾಜಿಯಾಬಾದ್‌ನಿಂದ ಬರೋದು ಕನಸಿನ ಮಾತು. ಅಂದರೆ ನಮ್ಮ ಆಟ ಮುಗಿದ ಹಾಗೇ.

ಇವರಿಗೆ ಓದಿ ಹೇಳಿದೆ. ಈಗೀಗ ಪೇಪರೂ ನಾನೇ ಓದಬೇಕು. "ನಿನ್ನ ಬಾಯಲ್ಲಿ ಕೇಳಿದರೆ ಸುದ್ದಿ ಚೆನ್ನಾಗಿರುತ್ತೆ" ಅಂತಾರೆ. ಅರವತ್ತೇಳಕ್ಕೆ ಬಂದ ಪ್ರೇಮ! ಕೇಳಿ ಗೋಡೆ ನೋಡ್ತಾ ಕೂತರು. ನಾನು ಮಾತಾಡುವಾಗ ಮುಖ ನೋಡೋ ಅಭ್ಯಾಸವೇ ಹೋಗಿದೆ ಇವರಿಗೆ. ಆಮೇಲೆ, "ಭಾನುವಾರನೂ ಹೋದರೆ ನನಗೇನು ಉಳೀತು ಪ್ರಭಾ?" ಅಂದರು.

ಆ ಸರದಿ ಸಿಕ್ಕಿದ್ದು ತೊಂಬತ್ತೊಂದರಲ್ಲಿ. ಉಷಾ ಬೆಳಗಾಗೋ ಮುಂಚೆ ಹೋಗಿ ಕ್ಯೂ ನಿಂತಿದ್ದಳು, ಶಾಲು ಹೊದ್ದು, ಥರ್ಮಾಸ್ ಹಿಡ್ಕೊಂಡು. ಅವಳ ಗಂಡ ಇಂದುಶೇಖರ್ ಮನೆಯಲ್ಲಿ ಗೊರಕೆ. ಆಗ ನಾಲ್ಕು ಜನ ಅಂದರೆ ಅವರಿಬ್ಬರು, ನಾವಿಬ್ಬರು. ಉಷಾ ಆಟ ಅಂದರೆ ಆಟ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸೋದು, ಕ್ಯಾನ್ವಾಸ್ ಶೂ, ಬೀಸಿದಳು — ಹೋಯ್ತು! ಎಲ್ಲಿ ಬಿತ್ತು ಅಂತ ಕೂಡ ನೋಡೋಳಲ್ಲ. ಮೂರೂವರೆ ಗಂಟೆಯಲ್ಲಿ ಹದಿನೆಂಟೂ ಮುಗೀತಿತ್ತು. ಒಂಬತ್ತನೇದರ ಪಕ್ಕ ಬೇವಿನ ಮರದ ಕೆಳಗೆ ಸ್ಟೀಲ್ ಡಬ್ಬಿಯ ಇಡ್ಲಿ, ಚಟ್ನಿಪುಡಿ. ನವಿಲು ಎದುರಿಗೇ ಬಂದು ಕತ್ತು ಚಾಚೋದು. ಅವಳು ಹೋಗಿ ಆರು ವರ್ಷ. ಇದ್ದಿದ್ದರೆ ಗಂಡನ ಕಿವಿ ಹಿಂಡಿ ನಡೆಸ್ತಿದ್ದಳು.

ಕಾರಣ ಬೇಕಂತೆ ಕರ್ನಲ್ ಸಾಹೇಬ್ರಿಗೆ. ಮೂವತ್ತು ವರ್ಷ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಿದವಳು ನಾನು. ಅಂಕಿಅಂಶ ಸಮೇತ ಕೊಡ್ತೀನಿ.

9 ನವೆಂಬರ್, ದೀಪಾವಳಿ, ಸಂಜೆ

ಸ್ಟಾಪ್‌ವಾಚ್ ಹುಡುಕೋಕೆ ಟ್ರಂಕ್ ತೆಗೆದೆ. ಅದು ಸಿಕ್ಕಿತು, ಜೊತೆಗೆ ಒಂದು ಫೋಟೋ. ಎಪ್ಪತ್ತೊಂಬತ್ತನೇ ಇಸವಿಯದು. ಫರೀದಾಬಾದ್ ಆಚೆಯ ಪ್ರಾಜೆಕ್ಟ್ ಕಾಲೊನಿ. ಇವರು, ಇಂದುಶೇಖರ್, ಇಬ್ಬರಿಗೂ ತಲೆ ತುಂಬ ಕೂದಲು. ನಡುವೆ ಒಂದೇ ಒಂದು ಚೀಲ, ಅದರಲ್ಲಿ ಏಳು ಕೋಲು. ಊರಿಗೆ ವಾಪಸು ಹೊರಟಿದ್ದ ಯಾವನೋ ಇಂಗ್ಲಿಷಿನವನ ಹತ್ತಿರ ಇಬ್ಬರೂ ಸೇರಿ ಕೊಂಡದ್ದು. ಒಬ್ಬರು ಹೊಡೆದು ಇನ್ನೊಬ್ಬರ ಕೈಗೆ ಕೊಡಬೇಕು, ಆಮೇಲೆ ಅವರು ಹೊಡೀಬೇಕು.

ಅಲ್ಲಿ ಗುಳಿಯ ಸುತ್ತಲಿನ ಗ್ರೀನ್ ಅಂದರೆ ಹಸಿರಲ್ಲ, ಎಣ್ಣೆ ಕಲಸಿದ ಮರಳು. ಆಡಿದ ಮೇಲೆ ನಾವೇ ಗೋಣಿಚೀಲ ಎಳೆದು ಸಮ ಮಾಡಬೇಕು, ಇಲ್ಲದಿದ್ದರೆ ಹಿಂದೆ ಬರೋರ ಬೈಗುಳ. ಉಷಾ, ನಾನು ಗೋಣಿ ಎಳೀತಾ ಎಷ್ಟು ನಗ್ತಿದ್ವಿ! ನನಗೆ ಕೋಲು ಹಿಡಿಯೋದು ಕಲಿಸಿದ್ದು ಇವರೇ, ಕ್ವಾರ್ಟರ್ಸ್ ಮುಂದೆ, ಕೊಡೆ ಹಿಡಿಸಿ. "ಬಾಲ್ ನೋಡು, ನನ್ನ ನೋಡಬೇಡ" ಅಂತ ಹತ್ತು ಸಲ ಹೇಳಿದ್ದರು. ಕೆಳಗೆ ಪಟಾಕಿ ಹೊಗೆ. ಕಿಟಕಿ ಮುಚ್ಚಿದೆ. ಫೋಟೋ ತೋರಿಸಿದರೆ ಇವರು ದೂರ ಹಿಡಿದು, ಓರೆ ಹಿಡಿದು, "ಚೆನ್ನಾಗಿದೆ" ಅಂತ ವಾಪಸು ಕೊಟ್ಟರು. ಯಾರಿದ್ದಾರೆ ಅಂತ ಕೂಡ ಹೇಳಲಿಲ್ಲ. ಮುಂಚೆ ಇಷ್ಟು ಅರಸಿಕರಾಗಿರಲಿಲ್ಲ.

11 ನವೆಂಬರ್, ಭಾನುವಾರ

ಮೊದಲ ಅಳತೆ. ವಾಚು ಕೊರಳಿಗೆ, ನೋಟ್‌ಬುಕ್ ಜೇಬಿಗೆ. ಯಶವಂತ "ಆಂಟಿ, ಒಲಿಂಪಿಕ್ಸಾ?" ಅಂದ. ಮುಚ್ಕೊಂಡು ಆಡು ಅಂದೆ.

ಇಂದುಶೇಖರ್ ಏನು ಮಾಡ್ತಾರೆ ಅಂತ ಇವತ್ತು ಕಣ್ಣಿಟ್ಟು ನೋಡಿದೆ. ಇವರು ಹೊಡೆದ ಕೂಡಲೇ ಇಡೀ ನೋಯ್ಡಾಗೆ ಕೇಳೋ ಹಾಗೆ, "ಸ್ವಾಮೀ, ಬಲಗಡೆ ಹೋಯ್ತು ಕಣೋ, ಎರಡನೇ ಮರದಿಂದ ಹತ್ತು ಹೆಜ್ಜೆ!" ಆಮೇಲೆ ತಮ್ಮ ಬಾಲ್ ಬಿಟ್ಟು ಇವರದರ ಹತ್ತಿರ ಹೋಗಿ ನಿಲ್ಲೋದು. ಬಾಲ್ ಕಾಲ ಬುಡದಲ್ಲೇ ಇರುತ್ತೆ, ಇವರು ಬರೋ ತನಕ ಏನೋ ಹಾಡು ಗುನುಗ್ತಾ ನಿಂತಿರ್ತಾರೆ. ಆಮೇಲೆ ವಾಪಸು ನಡೆದು ತಮ್ಮ ಬಾಲ್. ಹೋಲ್ ಒಂದಕ್ಕೆ ಎರಡು ನಿಮಿಷ ದಂಡ. ಕೋಲನ್ನೂ ಅವರೇ ಆರಿಸಿ ಇವರ ಕೈಗೆ ಕೊಡೋದು. ಇವರಿಗೆ ಗೊತ್ತಿಲ್ವಾ? ಕೋಲು ಹೊರೋಕೆ ಕ್ಯಾಡಿ ಇದ್ದಿದ್ದರೆ ಬಾಲನ್ನೂ ಅವನೇ ನೋಡ್ತಿದ್ದ. ಹೋದ ವರ್ಷದಿಂದ ಕ್ಯಾಡಿಯೂ ಬೇಡವಂತೆ — "ನಾವೇ ಎಳ್ಕೊಂಡು ಹೋಗೋಣ, ಎಕ್ಸರ್‌ಸೈಜು."

18 ನವೆಂಬರ್, ಭಾನುವಾರ

ಐದು ಗಂಟೆ ಹದಿನಾಲ್ಕು. ಗ್ರೀನ್‌ನಲ್ಲಂತೂ ದೇವರೇ ಗತಿ. ಇಂದುಶೇಖರ್ ಫ್ಲಾಗ್ ಕೋಲು ಹಿಡಿದು ಗುಳಿಯ ಪಕ್ಕ ನಿಂತು, ಅದನ್ನ ಗುಳಿಯೊಳಗೆ ಕಟಕಟ ಆಡಿಸ್ತಾ ಕಥೆ. ಇವತ್ತಿನದು — ಎಂಬತ್ಮೂರರಲ್ಲಿ ಉಷಾ ಪ್ರೆಷರ್ ಕುಕ್ಕರಿನಲ್ಲಿ ಮೈಸೂರುಪಾಕು ಮಾಡೋಕೆ ಹೋಗಿದ್ದು. ನಾವೆಲ್ಲ ನೂರು ಸಲ ಕೇಳಿದ್ದು. ಇವರು ಅದನ್ನ ಪೂರ್ತಿ ಕೇಳೋ ತನಕ ಹೊಡೆಯಲ್ಲ. ಹೊಡೆದರು, ಹೋಗಿ ಕೂತಿತು ಗುಳಿಯಲ್ಲಿ. ಹಿಂದೆ ಸರ್ದಾರ್‌ಜಿ ಚಪ್ಪಾಳೆ ತಟ್ಟಿದ, ವ್ಯಂಗ್ಯಕ್ಕೆ.

ಮೈಸೂರುಪಾಕಿನ ಕಥೆಗೆ ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ಆ ಕುಕ್ಕರ್ ತಿಕ್ಕಿದ್ದು ನಾನು, ಎರಡು ದಿನ.

25 ನವೆಂಬರ್, ಭಾನುವಾರ, ಸಂಜೆ 6

ಮೂರು ವಾರದ ಸರಾಸರಿ. ಆಗಬೇಕಾದ್ದಕ್ಕಿಂತ ಅರವತ್ತೆರಡು ನಿಮಿಷ ಹೆಚ್ಚು. ಅದರಲ್ಲಿ ಇಂದುಶೇಖರ್ ಒಬ್ಬರದೇ ಮೂವತ್ತೆಂಟು. ಉಳಿದದ್ದು ಇವರ ತಪಸ್ಸು, ಯಶವಂತನ ಫೋನು, ಚಿಲ್ಲರೆ. ಅಳೆಯೋಳು ನಾನೇ ಆದ್ದರಿಂದ ನನ್ನದು ಬಿಟ್ಟೆ. ಇಂಗ್ಲಿಷಿನಲ್ಲಿ ಎರಡು ಪುಟ, ಟೇಬಲ್ ಸಮೇತ. ಬರೆಯುವಾಗ ಖುಷಿಯಾಯ್ತು — ರಿಟೈರ್ ಆದ ಮೇಲೆ ಮೊದಲ ಸಲ ಯಾರೋ ನನ್ನ ವಿದ್ಯೆ ಕೇಳಿದ್ದಾರೆ.

ಓದಿ ಹೇಳಿದೆ. ಇವರು, "ಕಳಿಸಬೇಡ ಪ್ರಭಾ."

"ಯಾಕೆ, ಲೆಕ್ಕ ತಪ್ಪಿದೆಯಾ?"

"ಲೆಕ್ಕ ಸರಿ ಇರಬಹುದು."

"ಮತ್ತೆ?"

ಮತ್ತೆ ಗೋಡೆ. ಮೈ ಉರಿದುಹೋಯ್ತು. ಇವರ ಭಾನುವಾರ ಉಳಿಸೋಕೆ ನಾನು ಒದ್ದಾಡಬೇಕು, ಇವರಿಗೆ ಸ್ನೇಹಿತನ ಮರ್ಯಾದೆ ಹೆಚ್ಚು. ನಾಳೆ ಬೆಳಗ್ಗೆಯೇ ಕೊರಿಯರ್.

2 ಡಿಸೆಂಬರ್, ಭಾನುವಾರ

ಏನು ಬರೀಲಿ.

ಕರ್ನಲ್ ನನ್ನ ಎರಡು ಪುಟವನ್ನ ನೋಟಿಸ್ ಬೋರ್ಡಿಗೆ ಅಂಟಿಸಿದ್ದಾನೆ. ಎಲ್ಲ ಗುಂಪುಗಳೂ ಹೀಗೆ ಅಳೆದುಕೊಳ್ಳಲಿ ಅಂತ. ಕೆಳಗೆ ಕೆಂಪು ಶಾಯಿಯಲ್ಲಿ ತೀರ್ಮಾನ: ಮುಂದಿನ ವಾರದಿಂದ ಶ್ರೀ ಇಂದುಶೇಖರ ಅವರಿಗೆ ಭಾನುವಾರ ಇಲ್ಲ, ಬುಧವಾರ ಮಧ್ಯಾಹ್ನ. ಉಳಿದವರಿಗೆ 7.08 ಹಾಗೇ. ನಾನು ಅಂದುಕೊಂಡಿದ್ದು ಒಂದು ಮಾತು ಬೈತಾರೆ, ಅವರು ತಿದ್ದಿಕೊಳ್ತಾರೆ, ಅಷ್ಟೇ. ಇಂದುಶೇಖರ್ ಕನ್ನಡಕ ಹಾಕ್ಕೊಂಡು ಎರಡೂ ಪುಟ ನಿಧಾನಕ್ಕೆ ಓದಿದರು. ಸುತ್ತ ನಾಲ್ಕು ಜನ ನೋಡ್ತಾ ನಿಂತಿದ್ದರು.

"ಲೆಕ್ಕ ಸರಿಯಾಗಿದೆ ಅತ್ತಿಗೆ" ಅಂದರು. ಕೋಪ ಇಲ್ಲ. ಕೋಪ ಇದ್ದಿದ್ದರೆ ನಾನೂ ಎರಡು ಮಾತಾಡಿ ಹಗುರಾಗ್ತಿದ್ದೆ. ಆಟ ಮುಗಿಸಿ ಎಂದಿನ ಹಾಗೇ ಮನೆವರೆಗೂ ಬಿಟ್ಟರು. ಅರ್ಧ ಗಂಟೆ ದಾರಿ, ಒಂದು ಮಾತಿಲ್ಲ. ಮೂವತ್ತು ವರ್ಷದಲ್ಲಿ ಆ ಮನುಷ್ಯ ಸುಮ್ಮನೆ ಕೂತಿದ್ದು ನಾನು ನೋಡಿರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ನಾನು ಆಡಿದ್ದೂ ಅಲ್ಲ, ಬರೆದು ಸಹಿ ಹಾಕಿದ್ದೀನಿ.

16 ಡಿಸೆಂಬರ್, ಭಾನುವಾರ

ಎರಡನೇ ಭಾನುವಾರ ಮನೆಯಲ್ಲೇ. ಇವರಿಗೆ ಮಂಡಿ ನೋವಂತೆ. ನಿನ್ನೆ ಹಾಲು ತರೋಕೆ ಮದರ್ ಡೈರಿಗೆ ನಡೆದು ಹೋಗಿ ಬಂದಾಗ ಎಲ್ಲಿತ್ತು ಮಂಡಿ? ಯಾರಿಗೋಸ್ಕರ ಆ ಸರದಿ ಉಳಿಸಿದೆ ಅಂತ ಕೂಗಾಡಿದೆ.

ಬಿಸಿಲಿಗೆ ಟೆರೇಸಿನಲ್ಲಿ ಕೂತು ಕಡಲೆಕಾಯಿ ಸುಲಿದೆ. ಹಿಂದೆ ಚಳಿಗಾಲದಲ್ಲಿ ನಾಲ್ಕೂ ಜನ ಹೀಗೇ, ಆಟ ಮುಗಿಸಿ ಬಂದು, ಕ್ವಾರ್ಟರ್ಸಿನ ತಾರಸಿ ಮೇಲೆ ಚಾಪೆ ಹಾಕಿ. ಮಧ್ಯೆ ಕಡಲೆಕಾಯಿ ರಾಶಿ, ಬೆಲ್ಲ. ಇಂದುಶೇಖರ್ ಆಟವನ್ನ ಹೋಲ್ ಹೋಲಾಗಿ ಮತ್ತೆ ಆಡಿ ತೋರಿಸೋರು, ಯಾರ ಬಾಲ್ ಎಲ್ಲಿ ಬಿತ್ತು, ಯಾರು ಯಾರಿಗೆ ಏನಂದರು. ಕೇಳ್ತಾ ಕೇಳ್ತಾ ನಿದ್ದೆ ಬಂದುಬಿಡೋದು. ಇವತ್ತು ಆ ದನಿ ಇಲ್ಲದೆ ಭಾನುವಾರ ಭಾನುವಾರದ ಹಾಗೇ ಇಲ್ಲ. ಫೋನ್ ಮಾಡಲಾ ಅಂತ ಮೂರು ಸಲ ಎದ್ದೆ, ಮೂರು ಸಲ ಕೂತೆ.

23 ಡಿಸೆಂಬರ್, ಭಾನುವಾರ, ಸಂಜೆ

ಯಶವಂತ ಕಾರು ತಂದು ಬಲವಂತ ಮಾಡಿದ. ಹೊರಟೆವು ಮೂವರು.

ನಾಲ್ಕನೇದರಲ್ಲಿ ಇವರು ಹೊಡೆದ ಬಾಲ್ ಮುಂದಿನ ಗುಂಪಿನ ಒಬ್ಬರ ಕಾಲ ಹತ್ತಿರ ಹೋಗಿ ಬಿತ್ತು. ಅವರು ಇನ್ನೂ ಅಲ್ಲೇ ನಿಂತಿದ್ದರು, ಎದುರಿಗೇ, ಕೆಂಪು ಸ್ವೆಟರ್. ಓಡಿ ಬಂದು ಬೈದರು. ಇವರು ಕೈ ಮುಗಿದರು. ನಾನು ಹಲ್ಲು ಕಚ್ಚಿಕೊಂಡೆ. ಐದನೇ ಗ್ರೀನಿನಲ್ಲಿ ಯಶವಂತ ಫ್ಲಾಗ್ ಕಿತ್ತು ಪಕ್ಕಕ್ಕೆ ಮಲಗಿಸಿದ, ಎಲ್ಲರೂ ಮಾಡೋ ಹಾಗೆ. ಇವರು ನಿಂತರು. ಒಂದು ನಿಮಿಷ. ಒಂದು ನಿಮಿಷ ಐವತ್ತು ಸೆಕೆಂಡು. ಆಮೇಲೆ ನಯವಾಗಿ, ಎಷ್ಟು ಚೆನ್ನಾಗಿ ಹೊಡೆದರು ಅಂದರೆ — ಗುಳಿಗೆ ಬೆನ್ನು ಹಾಕಿ. ಬಾಲ್ ಉರುಳಿ ಉರುಳಿ ಬಂಕರಿನ ಮರಳಿಗೆ ಬಿತ್ತು. ಇವರು ಸದ್ದು ಕೇಳೋ ಹಾಗೆ ತಲೆ ಓರೆ ಮಾಡಿ ನಿಂತಿದ್ದರು.

"ಕಣ್ಣು ಕಾಣಲ್ವೇನ್ರೀ ನಿಮಗೆ?" ಕಿರುಚಿದೆ.

"ಇಲ್ಲ ಕಣೇ" ಅಂದರು. "ಕಾಣಲ್ಲ."

ಬೆಂಚಿನ ಮೇಲೆ ಕೂತು ಹೇಳಿದರು. ಒಂದೂವರೆ ವರ್ಷ ಆಗಿದೆಯಂತೆ. ಬಲಗಣ್ಣಿನ ನಡುವೆ ಮೊದಲು ಮಸುಕು, ಆಮೇಲೆ ತೂತು. ಎಡಗಣ್ಣಿಗೂ ಶುರುವಾಗಿದೆ. ಅಂಚು ಕಾಣುತ್ತೆ, ನಡು ಕಾಣಲ್ಲ. ಅದಕ್ಕೇ ನಡೀತಾರೆ, ತರಕಾರಿ ತರ್ತಾರೆ, ಯಾರಿಗೂ ಗೊತ್ತಾಗಲ್ಲ. ಬಾಲನ್ನ ನೇರ ನೋಡಿದರೆ ಮಾಯ, ಅದರಿಂದ ಒಂದು ಗೇಣು ಆಚೆ ನೋಡಿ ಹೊಡೀತಾರಂತೆ. "ನಿನ್ನ ಮುಖನೂ ಅಷ್ಟೇ. ನೇರ ನೋಡಿದರೆ ನೀನಿರಲ್ಲ. ಗೋಡೆ ಕಡೆ ತಿರುಗಿದರೆ ಅಂಚಲ್ಲಿ ಕಾಣ್ತೀಯ."

ಅಯ್ಯೋ ಶಿವನೇ. ವರ್ಷದಿಂದ ಗೊಣಗಿದ್ದೀನಿ ನಾನು, ಮುಖ ನೋಡಲ್ಲ ಅಂತ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಆಟ ನಿಲ್ಲಿಸ್ತಿದ್ದೆ."

ನಿಲ್ಲಿಸ್ತಿದ್ದೆ. ಖಂಡಿತ ನಿಲ್ಲಿಸ್ತಿದ್ದೆ. ಬಿದ್ದಾರು, ಯಾರಿಗಾದರೂ ಹೊಡೆದಾರು ಅಂತ ಮನೆಯಲ್ಲಿ ಕೂರಿಸಿ ಔಷಧಿ ಹಾಕ್ತಾ ಕಾಯ್ತಿದ್ದೆ. ಯಶವಂತನ ಕಡೆ ನೋಡಿದೆ. ಅವನು ಶೂ ನೋಡ್ತಾ, "ನನಗ ಗೊತ್ತಿತ್ತ್ರಿ ಆಂಟಿ. ಯಾರಿಗೂ ಹೇಳಬ್ಯಾಡ ಅಂದಿದ್ರು ಇಂದು ಅಂಕಲ್" ಅಂದ. ಎಲ್ಲರಿಗೂ ಗೊತ್ತು. ಮೂರು ವಾರ ಕೊರಳಿಗೆ ವಾಚು ಕಟ್ಟಿಕೊಂಡು ಕಣ್ಣಿಟ್ಟು ನೋಡಿದವಳಿಗೆ ಮಾತ್ರ ಗೊತ್ತಿಲ್ಲ.

ಎರಡನೇ ಮರದಿಂದ ಹತ್ತು ಹೆಜ್ಜೆ ಅಂತ ಕೂಗ್ತಿದ್ದದ್ದು. ಬಾಲ್ ಪಕ್ಕ ಹಾಡು ಗುನುಗ್ತಾ ನಿಲ್ತಿದ್ದದ್ದು. ಕ್ಯಾಡಿ ಇದ್ದರೆ ಸಂಜೆಯೊಳಗೆ ಕ್ಲಬ್ಬಿಗೆಲ್ಲ ಸುದ್ದಿ, ಅದಕ್ಕೇ ಕ್ಯಾಡಿ ಬೇಡ. ಮೈಸೂರುಪಾಕಿನ ಕಥೆ ಗುಳಿಯ ಪಕ್ಕವೇ ಯಾಕೆ? ದನಿ ಎಲ್ಲಿ ಇರುತ್ತೋ ಅಲ್ಲಿಗೆ ಇವರು ಹೊಡೀತಿದ್ದರು. ಅದಕ್ಕೆ ನಾನು ನಿಮಿಷ ಎಣಿಸಿ, ಶೇಕಡಾ ತೆಗೆದು...

29 ಡಿಸೆಂಬರ್, ಶನಿವಾರ

ದೊಡ್ಡ ಆಸ್ಪತ್ರೆಗೆ ತೋರಿಸಿದೆ. ಬಲಗಣ್ಣು ಮುಗಿದಿದೆ. ಎಡಗಣ್ಣಿನ ನಡುಭಾಗ ಇನ್ನೊಂದು ವರ್ಷ ಹಿಡಿದೀತು ಅಂದರು ಡಾಕ್ಟರು, ಆಮೇಲೆ ಅಂಚು ಮಾತ್ರ. ಚಿಕ್ಕ ಹುಡುಗಿ, ಒಳ್ಳೆ ಮಾತು. ಇಂದುಶೇಖರ್ ಮುಂಚೆಯೇ ಇವರನ್ನ ಎರಡು ಸಲ ಬೇರೆ ಕಡೆ ತೋರಿಸಿದ್ದರಂತೆ, ಅಲ್ಲೂ ಇದೇ ಹೇಳಿದ್ದರಂತೆ. ನನಗೆ ಹೇಳಿದ್ದು ಯಾವುದೋ ಕಾಂಟ್ರಾಕ್ಟರ್ ಮಗಳ ಮದುವೆ ಅಂತ. ಒಂದೇ ಹುಡುಗಿಗೆ ಎರಡು ಸಲ ಮದುವೆ ಮಾಡಿದ್ದಾರೆ ಇಬ್ಬರೂ ಸೇರಿ, ನಾನು ಎರಡು ಸಲವೂ ಸೂಟು ಇಸ್ತ್ರಿ ಮಾಡಿ ಕಳಿಸಿದ್ದೀನಿ!

ಆಟೋದಲ್ಲಿ ಇವರ ಕೈ ಹಿಡ್ಕೊಂಡೆ. ಆಡಿ, ನಾನು ತಡೆಯಲ್ಲ ಅಂದೆ. "ಇಂದು ಇಲ್ಲದೆ ಆಗಲ್ಲ ಪ್ರಭಾ" ಅಂದರು. ಕ್ಲಬ್ಬಿಗೆ ಮಾತ್ರ ಹೇಳಬಾರದಂತೆ. ಕುರುಡ ಅಂತ ಕರುಣೆ ತೋರಿಸೋರ ಮಧ್ಯೆ ಆಡಲ್ಲ ಅಂದರು.

6 ಜನವರಿ 2008, ಭಾನುವಾರ

ಮಂಜು. ಎದುರಿನ ಬ್ಲಾಕ್ ಕಾಣಲ್ಲ. ಆಟೋದವನ ಜೊತೆ ಜಗಳ ಮಾಡಿ ಘಾಜಿಯಾಬಾದಿಗೆ ಒಬ್ಬಳೇ ಹೋದೆ. ಇಂದುಶೇಖರ್ ಬಾಗಿಲು ತೆಗೆದು ಗಾಬರಿಯಾದರು — "ಸ್ವಾಮಿಗೆ ಏನಾಯ್ತು?"

"ಏನೂ ಆಗಿಲ್ಲ. ನನಗೆ ಗೊತ್ತಾಯ್ತು."

ಒಳಗೆ ಹೋಗಿ ಕಾಫಿ ಮಾಡಿದರು. ಗೋಡೆ ಮೇಲೆ ಉಷಾ ನಗ್ತಿದ್ದಳು. ತಪ್ಪಾಯ್ತು ಅಂದೆ. ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಬಾರದಿತ್ತೇ ನೀವಾದರೂ, ಅಂತ ಬೈದೂ ಬೈದೆ.

"ಆಣೆ ಹಾಕಿಸಿಕೊಂಡಿದ್ದ ಅತ್ತಿಗೆ." ಆಮೇಲೆ ಲೋಟ ತಿರುಗಿಸ್ತಾ, "ಉಷಾ ಕಡೇ ಆರು ತಿಂಗಳು ಆಟಕ್ಕೆ ಬರ್ತಿದ್ದಳು, ನೆನಪಿದೆಯಾ? ಹೋಲ್‌ಗೊಂದು ಸಲ ಉಸಿರು ಕಟ್ಟೋದು. ಕೂತ್ಕೋಬೇಕು ಅಂತ ಹೇಳೋಕೆ ಅವಳಿಗೆ ನಾಚಿಕೆ. ಆಗ ಸ್ವಾಮಿ ಏನು ಮಾಡ್ತಿದ್ದ ಹೇಳಿ?"

ನೆನಪಾಯ್ತು. ಮಂಡಿ ನೋವು ಅಂತಿದ್ದರು ಇವರು. ಹೋಲ್‌ಗೊಂದು ಸಲ ಬೆಂಚು ಹುಡುಕಿ ಕೂರೋರು, ಎಲ್ಲರೂ ಕೂರಬೇಕು. ಐದು ಗಂಟೆ ಆಗ್ತಿತ್ತು ಆಗಲೂ. ಮೂರೂವರೆ ಗಂಟೆ ಅಂತ ನಾನು ಬರ್ಕೊಂಡಿದ್ದೆ ಈ ಪುಸ್ತಕದಲ್ಲಿ, ಎಲ್ಲ ಮರೆತು.

"ನೀವು ಆಗಲೂ ಬೈದಿದ್ರಿ, ಅವನನ್ನ" ಅಂದರು ಇಂದುಶೇಖರ್.

ಅಲ್ಲೇ ಅತ್ತೆ. ಉಷಾಗೆ ಅಂತ ಅತ್ತೆನೋ, ಇವರಿಗೆ ಅಂತಲೋ, ನನ್ನ ದಡ್ಡತನಕ್ಕೋ. ವಾಪಸು ಬನ್ನಿ ಅಂದೆ. "ಸ್ವಾಮಿಗೋಸ್ಕರ ಎಲ್ಲಿಗೆ ಬೇಕಾದರೂ ಬರ್ತೀನಿ. ಆದರೆ ಭಾನುವಾರ ನನಗಿಲ್ಲ ಅಂತ ಬೋರ್ಡ್ ಮೇಲೆ ಬರೆದಿದೆಯಲ್ಲ. ಐದು ವಾರದಿಂದ ಜನ ಓದ್ತಿದ್ದಾರೆ." ದನಿ ಒರಟಾಗಿತ್ತು. ಗೇಟಿನ ತನಕ ಬಂದರು, ಆಟೋ ನಂಬರ್ ಬರ್ಕೊಂಡರು. ಮನೆಗೆ ಬನ್ನಿ ಅಂದರೆ ಗೇಟು ಹಾಕ್ಕೊಂಡು ಒಳಗೆ ಹೋದರು.

9 ಜನವರಿ, ಬುಧವಾರ

ಹೊಸ ವರದಿ ಬರೆದೆ. ಇವರ ಕಣ್ಣಿನ ವಿಷಯ ಬರೆಯೋ ಹಾಗಿಲ್ಲ. ಬರೆಯದೆ ಇಂದುಶೇಖರ್ ಹೆಸರು ತೊಳೆಯೋ ಹಾಗಿಲ್ಲ. ಯಾರದಾದರೂ ಹೆಸರು ಬೇಕಲ್ಲ ಟೇಬಲ್ಲಿಗೆ.

ನನ್ನದು ಹಾಕಿದೆ. ಹಿಂದಿನ ವರದಿಯಲ್ಲಿ ಅಳೆದವಳು ತನ್ನನ್ನೇ ಅಳೆದುಕೊಳ್ಳಲು ಮರೆತಿದ್ದಳು. ಪ್ರತಿ ಹೊಡೆತಕ್ಕೂ ನೋಟ್‌ಬುಕ್ ತೆಗೆದು ಬರೆದು ಆಮೇಲೆ ಆಡ್ತಿದ್ದಳು. ಬಾಲ್ ಕಳೆದುಕೊಂಡದ್ದೂ ಅವಳೇ, ಹುಡುಕಿಸಿದ್ದೂ ಅವಳೇ. ಅಂಕಿಗಳನ್ನ ಕೂತು ಹೊಂದಿಸಿದೆ, ಮೂವತ್ತೆಂಟು ನಿಮಿಷ ಟೇಬಲ್ಲಿನಲ್ಲಿ ನನ್ನ ಹೆಸರಿನ ಮನೆಗೆ ಬರೋ ಹಾಗೆ. ಒಂದು ಅಂಕಿ ತಿದ್ದಿದ್ದಕ್ಕೆ ಎಂಬತ್ತಾರರಲ್ಲಿ ಒಬ್ಬಳು ಹುಡುಗಿಯನ್ನ ಪ್ರಾಕ್ಟಿಕಲ್‌ನಲ್ಲಿ ಫೇಲ್ ಮಾಡಿದ್ದೆ. ಬಾಗಿಲ ಹತ್ತಿರ ನಿಂತು ಅತ್ತಿದ್ದಳು ಪಾಪ. ಇವತ್ತು ನಾನು ಟೇಬಲ್ ಪೂರ್ತಿ ಸುಳ್ಳು ಬರೆದು, ಕೂಡಿ, ತಾಳೆ ನೋಡಿ, ಸಹಿ ಹಾಕಿದೆ.

ಕರ್ನಲ್ ಕೈಗೇ ಕೊಟ್ಟೆ. ಓದಿ, "ಮೇಡಂಜೀ, ತೋ ಆಪ್ ಹೀ?" ಅಂದ, ಹಾಗಾದರೆ ನೀವೇನಾ ಅಂತ. "ಜೀ, ಮೈ ಹೀ" ಅಂದೆ. ಮೀಸೆಯಲ್ಲೇ ನಕ್ಕ. ನಗಲಿ.

20 ಜನವರಿ, ಭಾನುವಾರ

ಬೋರ್ಡಿನಿಂದ ಹಳೇದು ಕಿತ್ತಿದ್ದಾರೆ. ಹೊಸದು ಅಂಟಿಸಿದ್ದಾರೆ. 7.08: ತಿಪ್ಪೇಸ್ವಾಮಿ, ಇಂದುಶೇಖರ, ಯಶವಂತ. ಮೂವರೇ ಆದ್ದರಿಂದ ಸಮಯಕ್ಕೆ ಮುಗಿಸಬಹುದು ಅಂತ ಷರಾ. ನನಗೆ ಮಂಗಳವಾರ ಹೆಂಗಸರ ಗುಂಪು. ಸರ್ದಾರ್‌ಜಿ ಬೋರ್ಡ್ ಓದಿ ನನ್ನ ಕಡೆ ತಿರುಗಿ ನೋಡಿದ. ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ಅವನ ಭಾಷೆಯಲ್ಲೂ ಗಾದೆ ಇದೆ, ಅದನ್ನೇ ಹೇಳಿದ. ಎಲ್ಲ ನಕ್ಕರು. ನಾನೂ ನಕ್ಕೆ.

ಇವರಿಗೆ ಯಶವಂತನೇ ಓದಿ ಹೇಳಿದನಂತೆ. ರಾತ್ರಿ ಊಟಕ್ಕೆ ಕೂತಾಗ ಇವರು ಗೋಡೆ ಕಡೆ ತಿರುಗಿ, "ಚೆನ್ನಾಗಿ ಕಾಣ್ತಿದ್ದೀಯ" ಅಂದರು.

10 ಫೆಬ್ರವರಿ, ಭಾನುವಾರ

ಮೂರನೇ ವಾರ ಆಟ. ಇಂದುಶೇಖರ್ ಬರ್ತಾರೆ, ಗೇಟಿನ ಹತ್ತಿರ ಹಾರ್ನ್ ಹೊಡೀತಾರೆ, ಇವರು ಇಳಿದು ಹೋಗ್ತಾರೆ. ಬರುವಾಗಲೂ ಗೇಟಿನಲ್ಲೇ ಬಿಟ್ಟು ತಿರುಗಿಸಿಕೊಂಡು ಹೋಗ್ತಾರೆ. ನಾನು ಬಾಲ್ಕನಿಯಿಂದ ಕೈ ಬೀಸಿದೆ. ನೋಡಲಿಲ್ಲವೋ, ನೋಡಿಯೂ ನೋಡದ ಹಾಗೆ ಹೋದರೋ. ನನ್ನ ಬಗ್ಗೆ ಏನಾದರೂ ಅಂದರಾ ಅಂತ ಇವರನ್ನ ಕೇಳಿದೆ. "ಇಲ್ಲ" ಅಂದರು. ಅಷ್ಟೇ. ಕಟ್ಟಿದ್ದು ಮೂವತ್ತು ವರ್ಷ, ಕೆಡವಿದ್ದು ಎರಡು ಪುಟದಲ್ಲಿ. ಅನುಭವಿಸಬೇಕು.

24 ಫೆಬ್ರವರಿ, ಭಾನುವಾರ, ಮಧ್ಯಾಹ್ನ 1.30

ಚಳಿ ಹೋಯ್ತು. ಬಾಲ್ಕನಿಯಲ್ಲಿ ಕೂತಿದ್ದೀನಿ. ಇನ್ನೂ ಬಂದಿಲ್ಲ.

ಎಂಟೂವರೆಗೆ ಐದನೇದು ಮುಗಿಸಿರ್ತಾರೆ ಅಂದುಕೊಂಡೆ. ಹತ್ತಕ್ಕೆ ಒಂಬತ್ತನೇದು. ಬೇವಿನ ಮರದಲ್ಲಿ ಚಿಗುರು ಬಂದಿರಬೇಕು. ಅಲ್ಲಿರಬೇಕಿತ್ತು ಅನ್ನಿಸಿ ಕಣ್ಣು ತುಂಬಿತು, ಒರೆಸಿಕೊಂಡು ಹುಳಿಗೆ ಒಗ್ಗರಣೆ ಹಾಕಿದೆ. ಹನ್ನೆರಡಕ್ಕೆ ಬರಬೇಕಿತ್ತು. ಇವರು ಇವತ್ತೂ ತಡ, ಕರ್ನಲ್ ಮತ್ತೆ ಕಾಗದ ಬರೀತಾನೋ ಏನೋ. ಬರೀಲಿ. ಈ ಸಲ ಉತ್ತರ ಕೊಡೋಳು ನಾನಲ್ಲ.

ಡಾಕ್ಟರು ಒಂದು ವರ್ಷ ಅಂದಿದ್ದು ಡಿಸೆಂಬರಿನಲ್ಲಿ. ಎರಡು ತಿಂಗಳು ಹೋಯ್ತು. ಉಳಿದದ್ದು ನಲವತ್ನಾಲ್ಕು ಭಾನುವಾರ. ಮಳೆಗಾಲದ್ದು ಆರು ತೆಗೆದರೆ, ಟೂರ್ನಮೆಂಟಿಗೆ ನಾಲ್ಕು, ಮುಂದಿನ ಮಂಜಿಗೆ ಮೂರು — ಮೂವತ್ತೊಂದು. ಇವರು ಆಡಬಹುದಾದ್ದು ಇಷ್ಟು. ಒಂದೊಂದು ಆರು ಗಂಟೆ ಆಗಲಿ, ಏಳು ಗಂಟೆ ಆಗಲಿ. ಹಿಂದಿನವರು ಸೊಂಟದ ಮೇಲೆ ಕೈಯಿಟ್ಟು ಕಾಯಲಿ.

ಹಾರ್ನ್ ಆಯ್ತು. ಬಂದರು. ಕಾರಿನ ಬಾಗಿಲು ಒಂದು ಸಲ ಸದ್ದಾಯ್ತು. ಈಗ ತಿರುಗಿಸಿಕೊಂಡು ಹೋಗ್ತಾರೆ.

ಎಂಜಿನ್ ಆಫ್ ಆಯ್ತು. ಇನ್ನೊಂದು ಬಾಗಿಲು. ಮೆಟ್ಟಿಲ ಮೇಲೆ ಮಾತು, ಅದೇ ದನಿ, "ಇನ್ನೆರಡು ಮೆಟ್ಟಿಲು ಕಣೋ ಸ್ವಾಮೀ" ಅಂತ, ಇಬ್ಬರೂ ಬರ್ತಿದ್ದಾರೆ. ಬಾಗಿಲು ತೆಗೀಬೇಕು.